ಹೊಸ ಯಂತ್ರ, ಹಳೆಯ ನೀರು

ಬಟ್ಟೆ ಒಗೆಯುವ ಯಂತ್ರ ಮನೆಗೆ ಬಂದ ಮೊದಲ ವಾರ ಮಕ್ಕಳು ಅದರ ಗಾಜಿನ ಬಾಗಿಲ ಮುಂದೆ ಕುಳಿತು ನೋಡುವುದುಂಟು. ಎರಡನೆಯ ವಾರ ದೂರು ಶುರುವಾಗುತ್ತದೆ. ಶಾಲೆಯ ಬಿಳಿ ಅಂಗಿಯ ಕಾಲರಿನಲ್ಲಿ ಕಪ್ಪು ಗೆರೆ ಹಾಗೇ ಉಳಿದಿದೆ. ಟವಲು ಒಣಗಿದ ಮೇಲೆ ಹಪ್ಪಳದಂತೆ ಬಿರುಸಾಗಿದೆ. ಕಪ್ಪು ಪ್ಯಾಂಟಿನ ಮೇಲೆ ಬೂದಿಯಂಥ ಪುಡಿ ಕೂತಿದೆ. ಮೆಕ್ಯಾನಿಕ್ ಬಂದು, ಯಂತ್ರವನ್ನು ಖಾಲಿ ತಿರುಗಿಸಿ, "ಮಿಷನ್ ಸರಿಯಾಗಿದೆ" ಎಂದು ಸಹಿ ಹಾಕಿಸಿಕೊಂಡು ಹೋಗುತ್ತಾನೆ. "ಕಲ್ಲಿನ ಮೇಲೆ ನಾಕು ಸಲ ಕುಕ್ಕಿದ್ರೆ ಹೋಗ್ತಿತ್ತು ಕಣವ್ವ" ಎಂದು ಅತ್ತೆ ಸೊಸೆಗೆ ಹೇಳುತ್ತಾರೆ. ಯಂತ್ರದ ಕಂತು ಇನ್ನೂ ತೀರಿರುವುದಿಲ್ಲ. ಸೊಸೆ ಮಾತ್ರ ಮತ್ತೆ ಒಗೆಯುವ ಕಲ್ಲಿನ ಮುಂದೆ ಸೊಂಟ ಬಗ್ಗಿಸಿ ನಿಂತಿರುತ್ತಾಳೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳಿಗೆ ಇದು ಹೊಸ ಮಾತಲ್ಲ. ಮೆಕ್ಯಾನಿಕ್ ಹೇಳಿದ್ದೂ ಸುಳ್ಳಲ್ಲ, ಅತ್ತೆ ಹೇಳಿದ್ದೂ ಸುಳ್ಳಲ್ಲ. ಇಬ್ಬರೂ ಗಮನಿಸದೆ ಬಿಟ್ಟದ್ದು ನೀರನ್ನು.

ಕೊಳೆ ಹೋಗಲು ನಾಲ್ಕು ಸಂಗತಿ ಕೂಡಬೇಕೆಂದು ಜರ್ಮನಿಯ ರಸಾಯನ ತಂತ್ರಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಒಂದು ವೃತ್ತ ಬರೆದು ತೋರಿಸಿದ. ರಾಸಾಯನಿಕ, ಶಾಖ, ಸಮಯ, ಉಜ್ಜುವ ಬಲ. ಒಂದನ್ನು ಕಡಿಮೆ ಮಾಡಿದರೆ ಆ ಕೊರತೆಯನ್ನು ಉಳಿದವು ತುಂಬಬೇಕು. ನಮ್ಮ ಹಳ್ಳಿಗಳ ಮಡಿವಾಳರು ವೃತ್ತ ಬರೆಯಲಿಲ್ಲ, ಆದರೆ ಉಬ್ಬೆ ಹಾಕುತ್ತಿದ್ದರು. ಬಟ್ಟೆಯನ್ನು ಚೌಳು ಮಣ್ಣಿನ ನೀರಿನಲ್ಲಿ ಅದ್ದಿ, ಹಂಡೆಯ ಮೇಲೆ ಪೇರಿಸಿ, ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸಿ, ಆಮೇಲೆ ಕೆರೆಯ ಕಲ್ಲಿಗೆ ಒಯ್ಯುತ್ತಿದ್ದರು. ಚೌಳು ಮಣ್ಣಿನಲ್ಲಿರುವುದು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್, ಅಂದರೆ ಅಂಗಡಿಯ ವಾಷಿಂಗ್ ಸೋಡಾದ ರಾಸಾಯನಿಕವೇ. ಸಿನ್ನರ್ ಹೇಳಿದ ನಾಲ್ಕೂ ಆ ಉಬ್ಬೆಯಲ್ಲಿದ್ದವು. ಹೊಸ ಯಂತ್ರಕ್ಕೆ ಬಟ್ಟೆ ತುರುಕಿ, ತಣ್ಣೀರು ಬಿಟ್ಟು, ಹದಿನೈದು ನಿಮಿಷದ 'ಕ್ವಿಕ್ ವಾಷ್' ಗುಂಡಿ ಒತ್ತಿದರೆ ಶಾಖವೂ ಹೋಯಿತು, ಸಮಯವೂ ಹೋಯಿತು, ಬಲವೂ ಹೋಯಿತು. ಉಳಿದದ್ದು ರಾಸಾಯನಿಕ ಒಂದೇ. ಅದನ್ನು ಕೊಳವೆಬಾವಿಯ ನೀರು ತಿಂದುಹಾಕುತ್ತದೆ.

ಇದು ಹೇಗೆಂದು ತಿಳಿಯಲು ಬೆಟ್ಟದ ಕಡೆಗೆ ಕಣ್ಣು ಹಾಯಿಸಬೇಕು. 1975ರ 'ಶೋಲೆ' ಚಿತ್ರದಲ್ಲಿ ದೇಶವೆಲ್ಲ ಕಂಡ ರಾಮನಗರದ ಬಂಡೆಗಳಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಊರಿನ ಹಳೆಯ ಹೆಸರೇ ಬಂಡೆಗೂ ಅಂಟಿಕೊಂಡಿತು. ಸುಮಾರು 250 ಕೋಟಿ ವರ್ಷದ ಶಿಲೆ ಇದು. ಮಳೆನೀರು ಮಣ್ಣಿಗೆ ಇಳಿಯುವಾಗ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲವಾಗುತ್ತದೆ. ಆ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಕಲ್ಲಿನ ಖನಿಜಗಳಿಂದಲೂ ಮಣ್ಣಿನ ಸುಣ್ಣದ ಗಡ್ಡೆಗಳಿಂದಲೂ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೀರಿಕೊಳ್ಳುತ್ತದೆ. ಶಾಲೆಯ ಪುಸ್ತಕದಲ್ಲಿ ಬರುವ ಗಡಸು ನೀರು ಇದೇ. ಎಲ್ಲ ಬಾವಿಗಳ ನೀರೂ ಒಂದೇ ಸಮನೆ ಇರುವುದಿಲ್ಲ. ಒಂದು ಬೀದಿಯದು ಸಿಹಿ, ಪಕ್ಕದ ಬೀದಿಯದು ಸಪ್ಪೆ.

ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಲೆಕ್ಕ ಹಾಕುತ್ತಾರೆ. ಕುಡಿಯುವ ನೀರಿಗೆ 200 ಇದ್ದರೆ ಸರಿ, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಕುಡಿಯಲು ನಡೆಯುವ ನೀರು ಒಗೆಯಲು ನಡೆಯಬೇಕೆಂದಿಲ್ಲ. 400 ಇರುವ ನೀರು 15 ಲೀಟರ್ ತೆಗೆದುಕೊಂಡರೆ ಅದರಲ್ಲಿ 6 ಗ್ರಾಂ ಗಡಸುತನ. ಒಂದು ಕ್ಯಾಲ್ಸಿಯಂ ಅಯಾನು ಸೋಪಿನ ಎರಡು ಅಣುಗಳನ್ನು ಹಿಡಿದುಕೊಳ್ಳುತ್ತದೆ. ಸೋಡಿಯಂ ಸ್ಟಿಯರೇಟಿನ ಅಣುತೂಕ 306, ಕ್ಯಾಲ್ಸಿಯಂ ಕಾರ್ಬೊನೇಟಿನದು 100. ಹತ್ತನೆಯ ತರಗತಿಯ ವಿದ್ಯಾರ್ಥಿ ಗುಣಿಸಿ ನೋಡಬಹುದು: ಕೊಳೆಯನ್ನು ಮುಟ್ಟುವ ಮೊದಲೇ ಸುಮಾರು 37 ಗ್ರಾಂ ಸೋಪು ಬಿಳಿ ಗಸಿಯಾಗಿ ವ್ಯರ್ಥವಾಗುತ್ತದೆ. ಆ ಗಸಿ ಬಟ್ಟೆಗೇ ಅಂಟುತ್ತದೆ.

ಯಂತ್ರದ ಪುಡಿ ಸೋಪಲ್ಲ, ಮಾರ್ಜಕ. ಅದು ಗಸಿ ಕಟ್ಟುವುದು ಕಡಿಮೆ. ಹಾಗೆಂದು ಗಡಸುತನ ಅದನ್ನು ಸುಮ್ಮನೆ ಬಿಡುವುದಿಲ್ಲ. ಕ್ಯಾಲ್ಸಿಯಂ ಹಿಡಿಯಲೆಂದೇ ಪುಡಿಯಲ್ಲಿ ಸೋಡಾ, ಜಿಯೊಲೈಟ್‌ನಂಥವನ್ನು ಬೆರೆಸಿರುತ್ತಾರೆ. ಅವು ಸಾಲದಾದಾಗ ಬಟ್ಟೆ ಬೂದಿಬಣ್ಣಕ್ಕೆ ತಿರುಗುತ್ತದೆ.

ಮನೆಯ ನೀರಿನ ಸ್ವಭಾವ ತಿಳಿಯಲು ಪ್ರಯೋಗಾಲಯ ಬೇಡ. ಒಂದೇ ಅಳತೆಯ ಮೂರು ಸೀಸೆಗಳಲ್ಲಿ ಕೊಳವೆಬಾವಿಯ ನೀರು, ನಲ್ಲಿಯ ನೀರು ಮತ್ತು ಮಳೆನೀರನ್ನು ಸಮನಾಗಿ ಹಾಕಬೇಕು. ಮಳೆ ಇಲ್ಲದ ಕಾಲದಲ್ಲಿ ಊರಿನ ಶುದ್ಧ ನೀರಿನ ಘಟಕದ ನೀರಾದರೂ ಆದೀತು. ಮೈಸೋಪನ್ನು ತುರಿದು ಮಳೆನೀರಿನಲ್ಲಿ ಕರಗಿಸಿ, ಆ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡುತ್ತ, ಪ್ರತಿ ಸಲ ಚೆನ್ನಾಗಿ ಅಲುಗಿಸಬೇಕು. ಬಟ್ಟೆಯ ಬಿಲ್ಲೆ ಬೇಡ, ಅವುಗಳಲ್ಲಿ ಅನೇಕವು ಮಾರ್ಜಕವೇ. ಎರಡು ನಿಮಿಷ ನಿಲ್ಲುವ ನೊರೆಗೆ ಯಾವ ಸೀಸೆಗೆ ಎಷ್ಟು ತೊಟ್ಟು ಹಿಡಿಯಿತೆಂದು ಬರೆದಿಟ್ಟರೆ ಉತ್ತರ ಅಲ್ಲೇ ಇದೆ. ಅದೇ ಬಾವಿನೀರನ್ನು ಕುದಿಸಿ, ಆರಿಸಿ, ಸೋಸಿ ಮತ್ತೆ ಮಾಡಿದರೆ ತಾತ್ಕಾಲಿಕ ಗಡಸುತನ ಎಷ್ಟು, ಶಾಶ್ವತದ್ದು ಎಷ್ಟು ಎಂಬುದೂ ಗೊತ್ತಾಗುತ್ತದೆ.

ಕೊಳೆ ಹೋಗಲಿಲ್ಲವೆಂದು ಇನ್ನೆರಡು ಚಮಚ ಪುಡಿ ಸುರಿಯುವವರೇ ಹೆಚ್ಚು. ಗಡಸು ನೀರಿಗೆ ಪುಡಿ ಸ್ವಲ್ಪ ಹೆಚ್ಚು ಬೇಕು ನಿಜ, ಆದರೆ ಅದು ಪೊಟ್ಟಣದ ಮೇಲೆ ಬರೆದ ಲೆಕ್ಕದಲ್ಲಿ. ಮುಂದೆ ಬಾಗಿಲಿರುವ ಯಂತ್ರದಲ್ಲಿ ಬಟ್ಟೆ ಮೇಲೇರಿ ಧೊಪ್ಪನೆ ಬೀಳುವುದೇ ಒಗೆತ. ಬಕೆಟ್ಟಿನ ಪುಡಿ ಹಾಕಿ ನೊರೆ ಎಬ್ಬಿಸಿದರೆ ಬಟ್ಟೆ ಹಾಸಿಗೆಯ ಮೇಲೆ ಬಿದ್ದಂತೆ ಮೆತ್ತಗೆ ಬೀಳುತ್ತದೆ. ಹೆಚ್ಚಾದ ನೊರೆ ಮೋರಿ ಸೇರಿ ಎಲ್ಲಿಗೆ ಹೋಗುತ್ತದೆಂದು ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ಸೊಸೆಯ ಸೊಂಟ ಉಳಿಯಬೇಕಾದರೆ ಮೊದಲು ಡ್ರಮ್ಮಿನಲ್ಲಿ ಜಾಗ ಬಿಡಬೇಕು. ಬಟ್ಟೆಯ ಮೇಲೆ ಒಂದು ಗೇಣಾದರೂ ಖಾಲಿ ಇರಲಿ. ಯಂತ್ರದ ಮೇಲೆ ಬರೆದ 7 ಕಿಲೋ ಎಂಬುದು ಒಣ ಹತ್ತಿಬಟ್ಟೆಗೆ, ಅದೂ ಪೂರ್ಣಾವಧಿಯ ಕಾರ್ಯಕ್ರಮಕ್ಕೆ. ಕ್ವಿಕ್ ವಾಷ್‌ಗೆ ಅದರ ಅರ್ಧವೂ ಹೆಚ್ಚಾಗುತ್ತದೆ. ಕಾಲರು, ತೋಳಿನ ಅಂಚುಗಳಿಗೆ ಮೊದಲೇ ಸೋಪು ಉಜ್ಜಿ, ಬಿಳಿ ಹತ್ತಿಯನ್ನು 40 ಡಿಗ್ರಿಯಲ್ಲಿ ಪೂರ್ತಿ ಅವಧಿ ಬಿಡಬೇಕು. ಕಾಯಿಸುವ ಸುರುಳಿಗೆ ಸುಣ್ಣ ಕಟ್ಟುವುದರಿಂದ, ಕೈಪಿಡಿ ಒಪ್ಪಿದರೆ, ಆಗಾಗ ನಿಂಬೆ ಉಪ್ಪು ಹಾಕಿ ಖಾಲಿ ಯಂತ್ರವನ್ನು ಬಿಸಿನೀರಿನಲ್ಲಿ ಓಡಿಸಬೇಕು. ನಲ್ಲಿಗೆ ಸಿಕ್ಕಿಸುವ ಫಿಲ್ಟರುಗಳ ವಿಷಯದಲ್ಲಿ ಎಚ್ಚರ ಬೇಕು. ಮರಳು ತಡೆಯುವ ಜಾಲರಿ ಕರಗಿದ ಕ್ಯಾಲ್ಸಿಯಮ್ಮನ್ನು ತಡೆಯಲಾರದು. ಅದಕ್ಕೆ ಅಯಾನು ವಿನಿಮಯದ ರಾಳ ಬೇಕು, ಆ ರಾಳವನ್ನು ಆಗಾಗ ಅಡುಗೆ ಉಪ್ಪಿನ ನೀರಿನಿಂದ ತೊಳೆಯಬೇಕು. ಮಾರುವವನ ಮಾತು ನಿಜವೋ ಅಲ್ಲವೋ ಎಂಬುದನ್ನು ಅದೇ ಸೀಸೆಯ ಪ್ರಯೋಗ ಹೇಳುತ್ತದೆ.

ಕಾಸಿಲ್ಲದೆ ಸಿಗುವ ಮೆದು ನೀರು ಆಕಾಶದ್ದು. ನೂರು ಚದರ ಮೀಟರ್ ತಾರಸಿಯ ಮೇಲೆ ಒಂದೇ ಸೆಂಟಿಮೀಟರ್ ಮಳೆ ಬಿದ್ದರೆ 1000 ಲೀಟರ್. ಮೊದಲ ಮಳೆಯ ಕೊಳೆ ಬಿಟ್ಟು ತೊಟ್ಟಿಗೆ ತುಂಬಿದರೆ ಬಿಳಿ ಅಂಗಿಗಳಿಗಂತೂ ಹಲವು ವಾರ ಸಾಕು.

ರೇಷ್ಮೆಯ ಊರಿನಲ್ಲಿ ಇನ್ನೊಂದು ಮಾತು ಹೇಳದೆ ಬಿಡುವಂತಿಲ್ಲ. ಹಾಲು, ರಕ್ತದಂಥ ಪ್ರೋಟೀನ್ ಕಲೆಗಳನ್ನು ಕತ್ತರಿಸಲು ಅನೇಕ ಪುಡಿಗಳಲ್ಲಿ ಕಿಣ್ವ ಸೇರಿಸಿರುತ್ತಾರೆ. ರೇಷ್ಮೆಯೂ ಪ್ರೋಟೀನೇ. ಕಲೆ ಯಾವುದು, ಸೀರೆ ಯಾವುದು ಎಂಬ ಭೇದ ಕಿಣ್ವಕ್ಕೆ ತಿಳಿಯದು. ಅತ್ತೆಯ ಧಾರೆ ಸೀರೆಯನ್ನು ಮಾತ್ರ ಯಂತ್ರದಿಂದ ದೂರ ಇಟ್ಟು, ಕಿಣ್ವವಿಲ್ಲದ ಮೃದು ಸೋಪಿನಲ್ಲಿ, ಮಳೆನೀರಿನಲ್ಲಿ, ಕೈಯಲ್ಲೇ ಜಾಲಿಸುವುದು ಒಳ್ಳೆಯದು.