ಏಳು ರಾತ್ರಿಯ ಅಡಿಗೆ

ಕನ್ನಡಿಗರು ಪಾಕಶಾಸ್ತ್ರವನ್ನು ಅಲ್ಲಗಳೆದವರಲ್ಲ. 1025ರಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಗೂ ಸ್ಥಾನವುಂಟು, ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಬರೆದನು. ಆದರೆ ಒಂದು ಭಕ್ಷ್ಯವನ್ನು ಮಾಡುವ ಜಾಣ್ಮೆ ಬೇರೆ, ಒಂದು ಸಂಸಾರಕ್ಕೆ ಏಳು ರಾತ್ರಿ ಉಣಬಡಿಸುವ ವಿವೇಕ ಬೇರೆ.

ಹಳೆಯ ಮೈಸೂರು ಸೀಮೆಯ ಸಾಧಾರಣ ಮನೆಯೊಂದರ ವಾರವನ್ನು ಗಮನಿಸಿ. ಸೋಮವಾರ ಮುದ್ದೆ, ಬಸ್ಸಾರು: ಬೆಂದ ಕಾಳುಸೊಪ್ಪನ್ನು ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಒಗ್ಗರಣೆ ಕಂಡು ಪಲ್ಯವಾಗುತ್ತದೆ. ಹುಳಿಯೇರಿದ ಮೊಸರು ಮಂಗಳವಾರದ ಮಜ್ಜಿಗೆಹುಳಿ. ಆ ದಿನ ಮಿಕ್ಕ ಅನ್ನ ಬುಧವಾರದ ಚಿತ್ರಾನ್ನ. ಗುರುವಾರದ ಹುರುಳಿಕಾಳನ್ನು ಬುಧವಾರವೇ ನೆನೆಹಾಕಿರಬೇಕು. ಶುಕ್ರವಾರ ತಿಳಿಸಾರು, ಶನಿವಾರ ಒಪ್ಪೊತ್ತಿನವರಿಗೆ ಉಪ್ಪಿಟ್ಟು, ಭಾನುವಾರ ದೋಸೆ. ಇದರ ನಡುವೆ ಮಗುವಿಗೆ ಖಾರ ಕೂಡದು, ಅತ್ತೆಯವರಿಗೆ ಬದನೆಕಾಯಿ ಆಗದು, ತಿಂಗಳ ಕೊನೆಗೆ ಬೇಳೆಯ ಡಬ್ಬಿ ಬರಿದಾಗಕೂಡದು.

ಕೇಂದ್ರ ಸರಕಾರದ 2024ರ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನವೊಂದಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ; ಗಂಡಸರು 88 ನಿಮಿಷ. ಕೈ ದುಡಿದ ಹೊತ್ತನ್ನು ಗಡಿಯಾರ ಅಳೆದೀತು. ಬಸ್ಸಿನಲ್ಲಿ ಕುಳಿತಾಗಲೂ ‘ರಾತ್ರಿಗೇನು?’ ಎಂದು ತೊಳಲುವ ಮನಸ್ಸಿನ ದುಡಿಮೆಗೆ ಲೆಕ್ಕವೆಲ್ಲಿ?

‘ಏನು ಮಾಡಬೇಕು ಹೇಳು, ಮಾಡಿಕೊಡುತ್ತೇನೆ’ ಎನ್ನುವ ಪತಿರಾಯರು ಸಜ್ಜನರೇ ಸರಿ. ಆದರೆ ತರಕಾರಿ ಹೆಚ್ಚಿಕೊಡುವುದು ಹೊರೆಯ ಸಣ್ಣ ಪಾಲು ಮಾತ್ರ. ವಾರದಲ್ಲಿ ಎರಡು ರಾತ್ರಿಯಾದರೂ ಯೋಚನೆಯಿಂದ ಮೊದಲುಗೊಂಡು ಪಾತ್ರೆ ತೊಳೆಯುವವರೆಗೆ, ಆಕೆಯನ್ನು ಒಂದು ಮಾತೂ ಕೇಳದೆ, ಅವರೇ ವಹಿಸಿಕೊಳ್ಳಲಿ. ಉಪ್ಪು ತುಸು ಹೆಚ್ಚಾದರೂ ಸಂಸಾರ ಕೆಡದು.