ಆ ಇಬ್ಬರು ಹೆಂಗಸರು ಮಾರನೆಯ ದಿನ ಎಲ್ಲಿ ಉಂಡರು?

ಸಾವಿರಾರು ವರ್ಷ ಬಾಳಿದ ನಮ್ಮ ಸಂಸ್ಕೃತಿಯನ್ನು ಯಾರೂ ಅಲುಗಿಸಲಾರರೆಂದು ವೇದಿಕೆಯ ಮೇಲೆ ಗುಡುಗುವ ಮಹನೀಯರೇ, ಎರಡು ಗಂಟೆಯ ಒಂದು ಸಿನಿಮಾ ಬಂದೊಡನೆ ಅದೇ ಸಂಸ್ಕೃತಿ ಮುರಿದುಬಿತ್ತೆಂದು ಬೀದಿಗಿಳಿಯುತ್ತಾರೆ. ಎರಡರಲ್ಲಿ ಯಾವುದು ನಿಜವೆಂದು ಅವರೇ ಕೂತು ತೀರ್ಮಾನಿಸಿಕೊಳ್ಳಲಿ. ಅವರೊಡನೆ ಜಗಳವಾಡಲು ಈ ವಾರ ನನಗೆ ಪುರಸತ್ತಿಲ್ಲ. ನನ್ನ ಜಗಳವಿರುವುದು ನಮ್ಮವರೊಡನೆ. ಸಮಾಜವಾದವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು, “ಹೆಣ್ಣು ಹೆಣ್ಣನ್ನು ಪ್ರೀತಿಸುವುದೆಲ್ಲ ಉಳ್ಳವರ ಚಪಲ, ದುಡಿಯುವವರ ಪ್ರಶ್ನೆಯಲ್ಲ” ಎಂದು ಕೈ ತೊಳೆದುಕೊಳ್ಳುವ ಸಂಗಾತಿಗಳೊಡನೆ.

ಮಾತು ಎದ್ದದ್ದು ಹೀಗೆ. ಈಚೆಗೆ ಸರಸ್ವತಿಪುರಂನಲ್ಲಿ ನಮ್ಮ ಅಧ್ಯಯನ ಕೂಟದವರು ಗೋಡೆಗೆ ಬಿಳಿಯ ಬಟ್ಟೆ ಕಟ್ಟಿ ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರವನ್ನು ತೋರಿಸಿದರು. (ನಮ್ಮ ಬಡಾವಣೆಯಲ್ಲಿ ಫೈರ್ ಎಂದರೆ ಅಗ್ನಿಶಾಮಕ ಠಾಣೆ. ಅಲ್ಲಿಗೇ ಹೋಗಿ ವಿಚಾರಿಸಿದ ಪುಣ್ಯಾತ್ಮರೂ ಇದ್ದರು.) ಅಲ್ಪ ಬಂಡವಾಳದಲ್ಲಿ ತೆಗೆದ ಈ ಚಿತ್ರ ಹೊರದೇಶಗಳಲ್ಲಿ 1996ರಲ್ಲೇ ಪ್ರದರ್ಶನ ಕಂಡಿತ್ತು, ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದದ್ದು 1998ರ ನವೆಂಬರಿನಲ್ಲಿ. ಮಾತೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಮುಖ್ಯವಾದ ಕಡೆ ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾಯಿತು.

ಕತೆ ನಡೆಯುವುದು ದೆಹಲಿಯ ಒಂದು ವ್ಯಾಪಾರಸ್ಥರ ಮನೆಯಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ. ತಿಂಡಿ ಊಟ ಕಟ್ಟಿಕೊಡುವ ವ್ಯಾಪಾರ ಅಣ್ಣನದು, ವಿಡಿಯೋ ಕ್ಯಾಸೆಟ್ಟು ಬಾಡಿಗೆಗೆ ಕೊಡುವುದು ತಮ್ಮನದು. ಅಣ್ಣ ಸ್ವಾಮಿಗಳೊಬ್ಬರ ಶಿಷ್ಯನಾಗಿ ಹದಿಮೂರು ವರ್ಷದಿಂದ ಬ್ರಹ್ಮಚರ್ಯ ಹಿಡಿದಿದ್ದಾನೆ. ತಮ್ಮನಿಗೆ ಹೊರಗೆ ಬೇರೊಬ್ಬಳಿದ್ದಾಳೆ. ಹಿರಿಯ ಸೊಸೆ ರಾಧಾ, ಅಂದರೆ ಶಬಾನಾ ಆಜ್ಮಿ. ಕಿರಿಯ ಸೊಸೆ ಸೀತಾ, ಅಂದರೆ ನಂದಿತಾ ದಾಸ್. ಈ ಇಬ್ಬರೂ ಅಂಗಡಿಗೆ ಬೇಯಿಸುತ್ತಾರೆ, ಮಾತು ನಿಂತುಹೋದ ಅತ್ತೆಯ ಗಂಟೆಯ ಸದ್ದಿಗೆ ಓಡುತ್ತಾರೆ, ರಾತ್ರಿ ಒಬ್ಬೊಬ್ಬರೇ ಇರುತ್ತಾರೆ. ಹಾಗಿದ್ದವರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ. ಗುಟ್ಟು ರಟ್ಟಾದ ದಿನ ಅಡುಗೆಮನೆಯಲ್ಲಿ ರಾಧಾಳ ಸೀರೆಗೆ ಬೆಂಕಿ ತಗಲುತ್ತದೆ. ಗಂಡನಾದವನು ತಾಯಿಯನ್ನೆತ್ತಿಕೊಂಡು ಹೊರಗೆ ನಡೆಯುತ್ತಾನೆ, ಉರಿಯುತ್ತಿರುವ ಹೆಂಡತಿಯ ಹತ್ತಿರ ಸುಳಿಯುವುದಿಲ್ಲ. ಅವಳು ಹೇಗೋ ಬದುಕಿ, ಮಳೆಯಲ್ಲಿ ನಿಜಾಮುದ್ದೀನ್ ದರ್ಗಾದಲ್ಲಿ ಸೀತಾಳನ್ನು ಸೇರುವಲ್ಲಿಗೆ ಚಿತ್ರ ಮುಗಿಯುತ್ತದೆ.

ನೋಡಿದವರ ಅಭಿಪ್ರಾಯ ಒಂದೇ ತೆರನಾಗಿರಲಿಲ್ಲ. ದಿನಸಿ ಅಂಗಡಿಯ ಯಜಮಾನರೊಬ್ಬರು ನಡುವೆಯೇ ಎದ್ದು ಹೋದರು. ಬಾಗಿಲಲ್ಲಿ ನಿಂತು, ಕತೆ ಏನಾದರೂ ಇರಲಿ, ರಾಧೆ ಸೀತೆಯೆಂದು ಹೆಸರಿಡಬಾರದಿತ್ತು ಅಂದರು. ಹಿಂದಿನ ಸಾಲಿನ ಹುಡುಗರು ಮೊದಲು ಸಿಳ್ಳೆ ಹಾಕಿದರು, ಬೆಂಕಿಯ ದೃಶ್ಯಕ್ಕೆ ಸುಮ್ಮನಾದರು. ಗಿರಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು, “ಗಂಡಂದಿರು ನೆಟ್ಟಗಿದ್ದಿದ್ದರೆ ಇದೆಲ್ಲ ಯಾಕಾಗುತ್ತಿತ್ತು?” ಎಂದರು. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳೊಬ್ಬಳು ಮಾತ್ರ, “ಮೇಷ್ಟ್ರೇ, ಅವರಿಗೆ ಬಾಗಿಲು ಹಾಕಿಕೊಳ್ಳಲು ಒಂದು ಕೋಣೆಯಾದರೂ ಇತ್ತಲ್ಲ” ಎಂದಳು. ಆಗ ನಮ್ಮ ಸಂಗಾತಿಯೊಬ್ಬರು ಎದ್ದು, ಬೋನಸ್ಸಿನ ಪ್ರಶ್ನೆ ಇತ್ಯರ್ಥವಾಗದಿರುವಾಗ ಇಂಥ ಚಿತ್ರ ತೋರಿಸಿದ್ದೇ ತಪ್ಪೆಂದು ಭಾಷಣ ಮಾಡಿದರು. ಚಪ್ಪಾಳೆಯೂ ಬಿತ್ತು.

ಹೆಸರಿನ ಆಕ್ಷೇಪಣೆ ಹೊಸದಲ್ಲ. 1998ರ ಡಿಸೆಂಬರ್ 2ರಂದು ಮುಂಬಯಿಯಲ್ಲಿ, ಮರುದಿನ ದೆಹಲಿಯ ರೀಗಲ್ ಚಿತ್ರಮಂದಿರದಲ್ಲಿ ಶಿವಸೇನೆಯವರು ಗಾಜು ಒಡೆದು ಪ್ರದರ್ಶನ ನಿಲ್ಲಿಸಿದರು. ಸೆನ್ಸಾರ್ ಮಂಡಳಿ ಒಂದು ದೃಶ್ಯವನ್ನೂ ಕತ್ತರಿಸದೆ ಬಿಟ್ಟುಕೊಟ್ಟಿದ್ದ ಚಿತ್ರವದು. ಹಿಂದಿ ಅವತರಣಿಕೆಯಲ್ಲಿ ಸೀತಾ ಎಂಬುದು ನೀತಾ ಆಗಿತ್ತು, ಅಷ್ಟೆ. ಮೂರು ವಾರ ಜನ ದುಡ್ಡು ಕೊಟ್ಟು ನೋಡಿದಾಗ ಯಾರ ಮನೆಯೂ ಮುರಿದಿರಲಿಲ್ಲ. ಆಗಿನ ಮಹಾರಾಷ್ಟ್ರದ ಮುಖ್ಯಮಂತ್ರಿ ಮನೋಹರ ಜೋಶಿಯವರು ಗಾಜು ಒಡೆದವರನ್ನು ಅಭಿನಂದಿಸಿದರು. ಬಾಳ ಠಾಕರೆಯವರಂತೂ ಆ ಹೆಂಗಸರಿಗೆ ಮುಸಲ್ಮಾನರ ಹೆಸರಿಟ್ಟರೆ ತಮ್ಮ ವಿರೋಧವಿಲ್ಲವೆಂದರು. ಬೆಕ್ಕು ಚೀಲದಿಂದ ಹೊರಬಿದ್ದದ್ದು ಆಗಲೇ! ಹೆಂಗಸರ ಮಾನ ಕಾಯುವ ಕಾಳಜಿ ಅದಾಗಿರಲಿಲ್ಲ, ಯಾವ ಜಾತಿಯ ಹೆಂಗಸು ಯಾರ ಸ್ವತ್ತೆಂಬ ಲೆಕ್ಕವಾಗಿತ್ತು. ಚಿತ್ರವನ್ನು ಮತ್ತೆ ಸೆನ್ಸಾರಿಗೆ ಕಳಿಸಿದರು. 1999ರ ಫೆಬ್ರವರಿಯಲ್ಲಿ ಮತ್ತೆ ಕತ್ತರಿಯಿಲ್ಲದೆ ಹೊರಬಂತು. ಈ ನಡುವೆ ರೀಗಲ್ ಮುಂದೆಯೇ ಹೆಂಗಸರು ಮೋಂಬತ್ತಿ ಹಿಡಿದು ನಿಂತರು. ‘ನಾವು ಭಾರತೀಯರೂ ಹೌದು, ಹೆಣ್ಣನ್ನು ಪ್ರೀತಿಸುವ ಹೆಂಗಸರೂ ಹೌದು’ ಎಂಬರ್ಥದ ಫಲಕ ಆ ಬೀದಿಯಲ್ಲಿ ಎದ್ದಿತು.

ಚಿತ್ರವನ್ನು ಟೀಕಿಸಿದವರೆಲ್ಲ ಪುಂಡರಲ್ಲ. ‘ಮಾನುಷಿ’ಯ ಮಧು ಕಿಶ್ವರ್ ಅವರು ಹಿಂದೂ ಕುಟುಂಬವನ್ನು ಇದರಲ್ಲಿ ವಿಕಾರಗೊಳಿಸಿದೆಯೆಂದರು. ನಮ್ಮ ನಿರಂಜನರ ಮಗಳು ತೇಜಸ್ವಿನಿ ನಿರಂಜನ ಅವರು ಮೇರಿ ಜಾನ್ ಜೊತೆಗೂಡಿ 1999ರಲ್ಲಿ ಬರೆದ ಲೇಖನದಲ್ಲಿ, ಪ್ರೀತಿಯ ಆಯ್ಕೆಯೊಂದು ಸಿಕ್ಕಿದರೆ ಹೆಣ್ಣಿನ ಬಿಡುಗಡೆ ಆಗಿಹೋಯಿತೆಂದು ಚಿತ್ರ ನಂಬಿಸುತ್ತದೆ ಎಂದು ಆಕ್ಷೇಪಿಸಿದರು. ಈ ಮಾತಿನಲ್ಲಿ ಹುರುಳಿದೆ. ನನ್ನದೂ ಒಂದು ತಕರಾರು ಸೇರಿಕೊಳ್ಳಲಿ: ಆ ಮನೆಯ ಆಳು ಮುಂಡು. ಅವನು ಮುದುಕಿಯ ಎದುರಿಗೇ ಹೊಲಸು ಕ್ಯಾಸೆಟ್ಟು ನೋಡುವವನು, ಚಾಡಿ ಹೇಳುವವನು, ಅಷ್ಟೇ. ಇಬ್ಬರು ಸೊಸೆಯರ ಏಕಾಂತವನ್ನು ಅಷ್ಟು ಮರುಕದಿಂದ ಕಂಡ ಕಣ್ಣು ಆಳಿನ ಏಕಾಂತದ ಕಡೆ ಹೊರಳಲಿಲ್ಲ. ಕೆಲಸದವನನ್ನು ಒಡೆಯರ ಕಣ್ಣಿನಿಂದಲೇ ನೋಡಿದ ಚಿತ್ರವದು.

ಇನ್ನು ಗಂಡಂದಿರು ನೆಟ್ಟಗಿದ್ದರೆ ಎಂಬ ಮಾತು. ಗಂಡ ದೇವರಂಥವನಾದರೂ ಹೆಣ್ಣನ್ನೇ ಪ್ರೀತಿಸುವ ಹೆಂಗಸರಿದ್ದಾರೆ. ಅದು ಮದುವೆಯ ರೋಗಕ್ಕೆ ಹುಟ್ಟಿದ ಬಾಧೆಯಲ್ಲ. ಈ ಗೊಂದಲಕ್ಕೆ ಅರ್ಧ ಹೊಣೆ ಚಿತ್ರದ್ದೇ. ಕನ್ನಡದಲ್ಲಿ ಶೈಲಜಾ ಪಡಿಂದಾಲ ಅವರು ಇಂಥ ವಸ್ತುವಿನ ಮೇಲೆ ‘ನಾನು ಲೇಡೀಸ್’ ಎಂಬ ಚಿತ್ರ ತೆಗೆದಿದ್ದಾರೆ. ನಮ್ಮ ಕೂಟದವರು ಮುಂದೆ ಅದನ್ನು ತರಿಸಲಿ.

ಉಳ್ಳವರ ಚಪಲವೆಂಬ ಮಾತಿಗೆ ಬರೋಣ. ಸಂಗಾತಿಗಳೇ, ಉಳ್ಳವರಿಗೆ ಈ ಚಿತ್ರ ಯಾತಕ್ಕೆ ಬೇಕು? ಅವರಿಗೆ ಬೆಂಗಳೂರಿನಲ್ಲೊಂದು ಫ್ಲಾಟು, ಬೇಡವೆನಿಸಿದರೆ ವಿದೇಶ. ಇಬ್ಬರು ಹೆಂಗಸರು ಒಂದು ಕೋಣೆಯ ಬಾಡಿಗೆಗೆ ಅಲೆದಾಡಿ, ಮಾಲೀಕರ ಪ್ರಶ್ನೆಗೆ ಅಕ್ಕ ತಂಗಿಯರೆಂದು ಸುಳ್ಳು ಹೇಳಿ, ಶಿಫ್ಟು ಮುಗಿಸಿ ಬಂದು ಸ್ಟವ್ ಹಚ್ಚುವಾಗಲೂ ಪಕ್ಕದ ಮನೆಯ ಕಿವಿಗೆ ಹೆದರಬೇಕಾಗಿರುವುದು ದುಡಿಯುವವರ ಕೇರಿಯಲ್ಲಿ. ಊರಿನಿಂದ ಅಣ್ಣಂದಿರು ಬಂದು ಎಳೆದೊಯ್ದು ಮದುವೆ ಮಾಡುವುದೂ ಅಲ್ಲೇ. ಆ ಹೆಣ್ಣುಮಗಳು ಒಂದು ಕೋಣೆಯ ಮಾತಾಡಿದಳಲ್ಲ, ಅದಕ್ಕಿಂತ ದೊಡ್ಡ ವಿಮರ್ಶೆ ನಾನು ಓದಿಲ್ಲ.

ಕಾಗದದ ಸಂಗತಿ ನೋಡಿ. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯ ಸಲಿಂಗ ಪ್ರೇಮ ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಅಂಥವರ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಜೈಲಿಲ್ಲ, ಮನೆಯೂ ಇಲ್ಲ! 2024ರಲ್ಲಿ ಕೇಂದ್ರ ಸರ್ಕಾರ ಎರಡು ಸಣ್ಣ ಕೆಲಸ ಮಾಡಿತು: ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲವೆಂದಿತು, ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸುವಂತೆ ರಾಜ್ಯಗಳಿಗೆ ಸಲಹೆ ಬರೆಯಿತು. ನಮ್ಮ ನ್ಯಾಯಬೆಲೆ ಅಂಗಡಿಗಳಲ್ಲಿ ಇದನ್ನು ಕೇಳಿದವರು ಯಾರು, ಕೇಳಲು ಧೈರ್ಯ ಯಾರಿಗೆ?

ಪ್ರಾವಿಡೆಂಟ್ ಫಂಡಿನ ನಿಯಮವೇನು? ಸದಸ್ಯಳಿಗೆ ಕುಟುಂಬವಿದ್ದರೆ ನಾಮಿನಿ ಆ ಕುಟುಂಬದವರೇ ಆಗಬೇಕು. ಅವಳನ್ನೇ ನಂಬಿದ ತಾಯಿ ಊರಿನಲ್ಲಿದ್ದರೂ ಅದು ಕುಟುಂಬವೇ. ತಾಯಿಗೆ ಹಣ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹತ್ತು ವರ್ಷ ಒಂದೇ ಒಲೆಯಲ್ಲಿ ಉಂಡ, ಜ್ವರದಲ್ಲಿ ಆರೈಕೆ ಮಾಡಿದ ಗೆಳತಿಯ ಹೆಸರನ್ನು ತಾಯಿಯ ಹೆಸರಿನ ಪಕ್ಕದಲ್ಲಿ ಬರೆಯಲೂ ಜಾಗವಿಲ್ಲ. ಇ.ಎಸ್.ಐ. ಆಸ್ಪತ್ರೆಯಲ್ಲಿಯೂ ಅವಳು ಕುಟುಂಬದವಳಲ್ಲ. ಇದು ಬೋನಸ್ಸಿನಷ್ಟೇ ನೇರವಾದ ಕಾರ್ಮಿಕ ಪ್ರಶ್ನೆಯಲ್ಲದೆ ಮತ್ತೇನು?

ವ್ಯಾಪಾರಸ್ಥ ಬಂಧುಗಳಿಗೂ ಒಂದು ಮಾತು. ಹೆಸರಿನ ವಿಷಯದಲ್ಲಿ ನೊಂದವರು ಆ ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ನೋಡಲೇ ಇಲ್ಲ. ಬೇಯಿಸಿದವರು ಇಬ್ಬರು ಹೆಂಗಸರು, ಹಣ ಎಣಿಸಿದವನು ಗಂಡಸು. ರಾಧಾ ದರ್ಗಾಕ್ಕೆ ಬರುವಾಗ ಅವಳ ಸೆರಗಿನಲ್ಲಿ ಒಂದು ರೂಪಾಯಿ ಕಟ್ಟಿತ್ತೇ? ಅಷ್ಟು ವರ್ಷದ ದುಡಿಮೆಗೆ ಪಾಲು ಯಾರು ಕೊಟ್ಟರು? ಚಿತ್ರ ಮಳೆಯಲ್ಲಿ ನಿಂತುಬಿಡುತ್ತದೆ. ಮಾರನೆಯ ದಿನದ ಊಟ, ಬಾಡಿಗೆ, ಕೆಲಸ ಇವನ್ನು ಕೇಳಬೇಕಾದವರು ಸಮಾಜವಾದಿಗಳು. ನಾವೂ ಮಡಿವಂತರ ಹಾಗೆ ಮುಖ ತಿರುಗಿಸಿದರೆ ಕೇಳುವವರು ಯಾರು?

ನಮ್ಮ ಹಿರಿಯರು ಮುಖ ತಿರುಗಿಸಿದವರಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರ ಜೊತೆ ನಿಂತು ಸೆರೆಯಾದ ಲೋಹಿಯಾ ಅವರೇ, ಸಾವಿತ್ರಿಗಿಂತ ದ್ರೌಪದಿ ಈ ದೇಶದ ಹೆಣ್ಣಿಗೆ ಮಾದರಿಯಾಗಲೆಂದು ವಾದಿಸಿದರು. ಭೂಮಿಯ ಹೋರಾಟ ಮುಗಿಯಲಿ, ಆಮೇಲೆ ಹೆಣ್ಣಿನ ಮಾತೆಂದು ಅವರು ಸಾಲು ಹಚ್ಚಲಿಲ್ಲ. ಅವರ ಅನುಯಾಯಿಗಳಾದ ಪಟ್ಟಾಭಿರಾಮ ರೆಡ್ಡಿ ಮತ್ತು ಸ್ನೇಹಲತಾ ರೆಡ್ಡಿ ಕಡಿಮೆ ದುಡ್ಡಿನಲ್ಲಿ ತೆಗೆದ ‘ಸಂಸ್ಕಾರ’ವನ್ನೂ ಒಂದು ಸಮುದಾಯದ ಮನಸ್ಸು ನೋಯುವುದೆಂದು 1970ರಲ್ಲಿ ಮೊದಲು ತಡೆದರು, ಆಮೇಲೆ ಅದಕ್ಕೇ ರಾಷ್ಟ್ರದ ಶ್ರೇಷ್ಠ ಚಿತ್ರವೆಂದು ಪ್ರಶಸ್ತಿ ಬಂತು. ಸ್ನೇಹಲತಾ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆರೆಮನೆ ಸೇರಿ, ಬಿಡುಗಡೆಯಾದ ಕೆಲದಿನಗಳಲ್ಲೇ, 1977ರ ಜನವರಿಯಲ್ಲಿ ತೀರಿಕೊಂಡರು.

ಮುಂದಿನ ತಿಂಗಳ ಶಾಖಾ ಸಭೆಗೆ ನಾನು ಎರಡು ನಿರ್ಣಯ ಕೊಟ್ಟಿದ್ದೇನೆ. ಪ್ರಾವಿಡೆಂಟ್ ಫಂಡಿನ ನಾಮಿನಿಯಾಗಿ ಕಾರ್ಮಿಕಳು ತಾನು ಬಯಸಿದವರ ಹೆಸರು ಬರೆಯುವಂತಾಗಬೇಕೆಂಬುದು ಒಂದು. ನಮ್ಮ ಸದಸ್ಯರಲ್ಲಿ ಮನೆ ಬಾಡಿಗೆಗೆ ಕೊಡುವವರು ಯಾವ ಇಬ್ಬರು ಹೆಂಗಸರನ್ನೂ ‘ನೀವು ಏನಾಗಬೇಕು’ ಎಂದು ಕೇಳಕೂಡದೆಂಬುದು ಇನ್ನೊಂದು. ಎರಡನೆಯದಕ್ಕೇ ಹೆಚ್ಚು ವಿರೋಧ ಬರುವುದೆಂದು ಈಗಾಗಲೇ ಸುದ್ದಿಯಿದೆ. ಚಪ್ಪಾಳೆ ತಟ್ಟಿದವರೆಲ್ಲ ಅಂದು ಬಂದು ಕೈಯೆತ್ತಿ ಎದುರಿಗೇ ವಿರೋಧಿಸಲಿ. ಯಾರು ಯಾರು ಎಂದು ದಾಖಲೆ ಪುಸ್ತಕದಲ್ಲಿ ಬರೆದಿಡಲಾಗುವುದು.