ಕಿವಿಗೂ ಕಾವಲು ಬೇಕೇನ್ರೀ ಕಾಕಾ?

ತುಂಬ ದಿನ ಆಗಿತ್ತು ಇಲ್ಲಿ ಏನೂ ಬರೆಯದೆ. ಕೆಲಸ, ರಿಲೀಸು, ಮತ್ತೆ ಅದೇ ಕೆಲಸ... ಆದರೆ ಹೋದ ವಾರ ಖಾನಾಪುರದ ಮನೆಯಲ್ಲಿ ಆದ ಒಂದು ಸಣ್ಣ ರಾದ್ಧಾಂತ ತಲೆಯಿಂದ ಹೋಗ್ತಾನೇ ಇಲ್ಲ. ಬರೆದುಬಿಟ್ಟರೆ ಹಗುರಾಗಬಹುದು ಅಂತ ಕೂತಿದ್ದೇನೆ.

ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ನಾನು ಬೆಳಗಾವಿಯಿಂದ ಬಸ್ಸಿನಲ್ಲಿ ಹೊರಟೆ. ದಾರಿಯುದ್ದಕ್ಕೂ ಇಯರ್‌ಫೋನ್ ಹಾಕಿಕೊಂಡು ಒಂದು ಜಪಾನಿ ಆಡಿಯೋ ನಾಟಕ ಕೇಳುತ್ತಿದ್ದೆ. ಮನೆಗೆ ಬಂದ ಮೇಲೆ ಇಯರ್‌ಫೋನ್ ತೆಗೆದು ಚೀಲಕ್ಕೆ ಹಾಕಿದೆ, ಫೋನು ಮಾತ್ರ ಟೇಬಲ್ ಮೇಲೆ ಬಿಟ್ಟೆ. ಯಾರೋ ಫೋನ್ ಮುಟ್ಟಿದರು, ಅದು ಪಡಸಾಲೆಯ ಬ್ಲೂಟೂತ್ ಸ್ಪೀಕರಿಗೆ ತಾನೇ ಜೋಡಿಸಿಕೊಂಡಿತು. ಅಷ್ಟು ಹೊತ್ತು ಭಜನೆ ಬರುತ್ತಿದ್ದ ಸ್ಪೀಕರಿನಿಂದ ಒಮ್ಮೆಲೆ ಸಮುದ್ರದ ಅಲೆಗಳ ಸದ್ದು, ಹಗ್ಗ ಕಿರುಗುಟ್ಟುವ ಸದ್ದು, ಆಮೇಲೆ ಒಬ್ಬ ಗಂಡಸು ಇನ್ನೊಬ್ಬ ಗಂಡಸಿಗೆ ಜಪಾನಿಯಲ್ಲಿ ಏನೋ ಹೇಳುತ್ತಾ ಅಳುವ ಸದ್ದು!

ಮೊದಲು ಎಲ್ಲರೂ ನಕ್ಕರು. ಆಮೇಲೆ ಕಾಕಾ ಫೋನ್ ಎತ್ತಿ ಪರದೆ ನೋಡಿದರು. ಅಲ್ಲಿ ಇಬ್ಬರು ನಾವಿಕರು ಹಣೆಗೆ ಹಣೆ ಹಚ್ಚಿ ನಿಂತ ಚಿತ್ರ.

"ಏನವಾ ಇದು? ಗಂಡಸೂರು ಗಂಡಸೂರು... ಇಂಥಾ ಹೊಲಸ ಕೇಳಾಕ ಏನ ನಿನಗ ಎಂಜಿನಿಯರಿಂಗ್ ಓದಿಸಿದ್ದು? ಭಾಷಾ ತಿಳಿಯೂದಿಲ್ಲ, ಸುಡುಗಾಡಿಲ್ಲ. ನಮ್ಮ ಸಂಸ್ಕೃತಿ ಏನರ ಐತೇನ ಇದು? ಇಂಥಾವ್ರನ್ನ ಡಾಕ್ಟರ್ ಕಡೆ ಒಯ್ದು ತೋರಸಬೇಕು."

ಪ್ರಸಾದದ ಸಪಾದ ಬಾಯಲ್ಲಿತ್ತು, ಉತ್ತರ ಕೊಡಲಾಗಲಿಲ್ಲ. ಹಿರಿಯರು ಬೇರೆ. ಹಾಗಾಗಿ ಇಲ್ಲಿ ಕೊಡ್ತೀನಿ. ಕಾಕಾ ಹೇಳಿದ್ದು ನಾಲ್ಕು ಮಾತು: ಭಾಷೆ ತಿಳಿಯೋದಿಲ್ಲ, ಹೊಲಸು, ನಮ್ಮ ಸಂಸ್ಕೃತಿ ಅಲ್ಲ, ಡಾಕ್ಟರಿಗೆ ತೋರಿಸಬೇಕು. ಒಂದೊಂದಾಗಿ ನೋಡೋಣ.

ಮೊದಲು, ಇದು ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಜಪಾನಿನಲ್ಲಿ 'ಬಾಯ್ಸ್ ಲವ್' ಅಂತ ಒಂದು ಪ್ರಕಾರವೇ ಇದೆ. ಗಂಡಸರ ನಡುವಿನ ಪ್ರೀತಿಯ ಕಥೆಗಳು. ಬರೆಯುವವರು ಹೆಚ್ಚಾಗಿ ಹೆಂಗಸರು, ಓದುವವರೂ ಹೆಚ್ಚಾಗಿ ಹೆಂಗಸರೇ. 1970ರ ದಶಕದಲ್ಲಿ ಹಾಗಿಯೋ ಮೋತೋ, ತಾಕೆಮಿಯಾ ಕೇಯ್ಕೋ ತರಹದ ಲೇಖಕಿಯರು ಚಿತ್ರಕಥೆಗಳಲ್ಲಿ ಇದಕ್ಕೆ ದಾರಿ ಮಾಡಿದರು, 1978ರಲ್ಲಿ ಇದಕ್ಕೆಂದೇ 'ಜೂನ್' ಅನ್ನೋ ಪತ್ರಿಕೆ ಬಂತು. ಆಮೇಲೆ ಈ ಕಥೆಗಳು ಕ್ಯಾಸೆಟ್ಟಿಗೆ, ಸಿಡಿಗೆ ನಾಟಕವಾಗಿ ಇಳಿದವು. ಚಿತ್ರ ಇಲ್ಲ, ಬರೀ ದನಿ. ನಮ್ಮ ರೇಡಿಯೋ ನಾಟಕ ಇದ್ದ ಹಾಗೇ. ನಾನು ಕೇಳುತ್ತಿದ್ದದ್ದು 1588ರ ಕಾಲದ ಕಥೆ. ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ಏರಿ ಹೋಗುವ ಹೊತ್ತಿನಲ್ಲಿ ಒಬ್ಬ ಇಂಗ್ಲಿಷ್ ಕ್ಯಾಪ್ಟನ್, ಅವನ ಹಡಗಿಗೆ ದಾರಿ ತೋರಿಸುವ ಇನ್ನೊಬ್ಬ. ಇಬ್ಬರೂ ಮೂವತ್ತು ದಾಟಿದವರು, ಉಪ್ಪು ನೀರಿನಲ್ಲಿ ಮಾಗಿದವರು. ಹೆಸರು ಬರೆಯೋದಿಲ್ಲ. ಬರೆದರೆ ನೀವು ಅದರ ಚಿತ್ರ ಹುಡುಕಿ ನೋಡಿ ಜಗಳ ಆ ಕಡೆ ಹೋಗುತ್ತೆ :)

ಈಗ ಮೊದಲನೇ ಮಾತು, ಭಾಷೆ. ನನಗೆ ಜಪಾನಿ ಅರೆಬರೆ. ಅನುವಾದದ ಹಾಳೆ ಪಕ್ಕದಲ್ಲಿಟ್ಟುಕೊಂಡು ಮೊದಲ ಸಲ ಕೇಳ್ತೀನಿ, ಎರಡನೇ ಸಲ ಹಾಳೆ ಇಲ್ಲದೆ ಕೇಳ್ತೀನಿ. ಇದರಲ್ಲಿ ವಿಚಿತ್ರ ಏನಿದೆ? ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಬೆಳಗಾವಿಯ ಪಕ್ಕದಲ್ಲೇ ಇದೆ. ಕಾಕಾ ಅವರ ಭಕ್ತರು. ಖಯಾಲಿನ ಬಂದಿಶ್‌ಗಳು ಹೆಚ್ಚಾಗಿ ಬ್ರಜ್ ಭಾಷೆಯವು. ಕಾಕಾಗೆ ಬ್ರಜ್ ಬರುತ್ತಾ? ಇಲ್ಲ. ಆದರೂ ಕಣ್ಣು ಮುಚ್ಚಿ ತಲೆದೂಗ್ತಾರೆ. ದನಿಗೆ ಅರ್ಥ ಇರುತ್ತೆ ಅಂತ ನನಗೆ ಕಲಿಸಿದ್ದೇ ಅವರು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದದ್ದು. ಅದರಲ್ಲಿ ಬರುವ ನಾಟಕವನ್ನು ನಮ್ಮ ಅಜ್ಜಿ ಒಲೆ ಮುಂದೆ ಕೂತು ಕೇಳುತ್ತಾ ಅಳುತ್ತಿದ್ದರು. ರೊಟ್ಟಿ ಸೀದರೂ ಏಳುತ್ತಿರಲಿಲ್ಲ. ದನಿಯನ್ನು ನಂಬುವ ಈ ಚಟ ನನಗೆ ಜಪಾನಿನಿಂದ ಬಂದದ್ದಲ್ಲ. ಅದು ಆ ಒಲೆ ಮುಂದಿನದು.

ಎರಡನೇ ಮಾತು, ಹೊಲಸು. ಅವತ್ತು ಸ್ಪೀಕರಿನಲ್ಲಿ ಬಂದದ್ದು ಏನು ಗೊತ್ತಾ? ಬಿರುಗಾಳಿ ನಿಂತ ಮೇಲೆ ಕ್ಯಾಪ್ಟನ್ ತನ್ನ ಗೆಳೆಯ ಬದುಕಿದ್ದಾನೆ ಅಂತ ಗೊತ್ತಾಗಿ ಅಳುವ ದೃಶ್ಯ. ಅಷ್ಟೇ! ಅದೇ ಮನೆಯಲ್ಲಿ ಹೋದ ವರ್ಷ ಮದುವೆಗೆ ಡಿಜೆ ಬಂದಿತ್ತು. ಅವತ್ತಿನ ಹಾಡುಗಳ ಸಾಲು ಇಲ್ಲಿ ಬರೆಯೋಕೆ ನನಗೇ ನಾಚಿಕೆ. ಅದಕ್ಕೆ ಏಳು ವರ್ಷದ ಮಕ್ಕಳನ್ನು ನಿಲ್ಲಿಸಿ ಕುಣಿಸಿದರು, ವಿಡಿಯೋ ಮಾಡಿದರು, ಗ್ರೂಪಿಗೆ ಹಾಕಿದರು. ಹೆಣ್ಣಿನ ಸೊಂಟದ ಮೇಲೆ ಹಾಡು ಕಟ್ಟಿದರೆ ಅದು ಮನರಂಜನೆ, ಗಂಡಸೊಬ್ಬ ಇನ್ನೊಬ್ಬ ಗಂಡಸಿಗಾಗಿ ಅತ್ತರೆ ಹೊಲಸು. ಇದೆಂಥಾ ಲೆಕ್ಕ?

ಹಾಗಂತ ಈ ಪ್ರಕಾರದಲ್ಲಿ ಕೆಟ್ಟದ್ದೇ ಇಲ್ಲ ಅಂತ ನಾನು ವಾದ ಮಾಡೋದಿಲ್ಲ. ಇದೆ, ಬೇಕಾದಷ್ಟಿದೆ. ಹಳೆಯ ಕಥೆಗಳಲ್ಲಿ ಬೇಡ ಬೇಡ ಅಂದರೂ ಬಿಡದವನೇ ಹೀರೋ. (ನಮ್ಮ ಸಿನಿಮಾಗಳಲ್ಲೂ ಹುಡುಗಿಯ ಬೆನ್ನು ಹತ್ತಿ ಕಾಡುವವನೇ ಹೀರೋ ಆಗಿದ್ದು ನೆನಪಿದೆಯಲ್ಲ?) ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ಹೆಂಗಸರು ಹೆಂಗಸರಿಗಾಗಿ ಕಟ್ಟಿದ ಈ ಕನಸಿನಲ್ಲಿ ನಿಜವಾಗಿ ಹೀಗೆ ಬದುಕುವ ಗಂಡಸರ ಕಷ್ಟ ಎಷ್ಟೋ ಸಲ ಕಾಣೋದೇ ಇಲ್ಲ. ನಾನು ಕೇಳಿದ ನಾಟಕದಲ್ಲೂ ಹಾಗೇ. ಇಂಗ್ಲೆಂಡಿನಲ್ಲಿ 1533ರಲ್ಲಿ ಎಂಟನೇ ಹೆನ್ರಿ ಇಂಥ ಸಂಬಂಧಕ್ಕೆ ಮರಣದಂಡನೆಯ ಕಾನೂನು ತಂದ. ಅವನ ಮಗಳು ಎಲಿಜಬೆತ್ ಅದನ್ನು 1563ರಲ್ಲಿ ಮತ್ತೆ ಜಾರಿಗೆ ತಂದಳು. ಅಂದರೆ 1588ರಲ್ಲಿ ಆ ಕ್ಯಾಪ್ಟನ್ ಸಿಕ್ಕಿಬಿದ್ದಿದ್ದರೆ ನೇಣು! ನಾಟಕದಲ್ಲಿ ಆ ಹಗ್ಗದ ನೆರಳೂ ಇಲ್ಲ. ಹಡಗಿನಲ್ಲಿ ಅಷ್ಟೊಂದು ಹಗ್ಗ ಕಿರುಗುಟ್ಟಿದರೂ ಆ ಒಂದು ಹಗ್ಗ ಇಲ್ಲ. ಇದು ನನ್ನ ತಕರಾರು. ಆದರೆ ಕೇಳಿದ್ದರಿಂದಲೇ ಈ ತಕರಾರು ಹುಟ್ಟಿತು. ಕೇಳದೆ ಬೈಯುವವರಿಗೆ ಆ ಹಕ್ಕೂ ಇಲ್ಲ.

ಮೂರನೇ ಮಾತು, ಅತಿ ದೊಡ್ಡದು: ನಮ್ಮ ಸಂಸ್ಕೃತಿ ಅಲ್ಲ.

ಯಾವ ಸಂಸ್ಕೃತಿ ಕಾಕಾ? ನಮ್ಮ ಬೆಳಗಾವಿ ಜಿಲ್ಲೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಏಣಗಿ ಬಾಳಪ್ಪನವರು ರಂಗಕ್ಕೆ ಬಂದ ಹೊಸದರಲ್ಲಿ ಸ್ತ್ರೀ ಪಾತ್ರ ಮಾಡಿ ಹೆಸರಾದವರು. ಅತ್ತ ಮರಾಠಿಯಲ್ಲಿ ಬಾಲಗಂಧರ್ವರು ಸೀರೆ ಉಟ್ಟ ರೀತಿಯನ್ನು ನೋಡಿ ಹೆಂಗಸರು ಸೀರೆ ಉಡುತ್ತಿದ್ದರಂತೆ. ರಂಗದ ಮೇಲೆ ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಕೈ ಹಿಡಿದು ಪ್ರೇಮದ ಹಾಡು ಹಾಡಿದ್ದನ್ನು ನೋಡಲು ನಮ್ಮ ಅಜ್ಜ ಮುತ್ತಜ್ಜಂದಿರು ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಅದು ಪಾತ್ರ, ಇದು ಬೇರೆ ಅಂತೀರಾ? ಸರಿ, ಇದೂ ಪಾತ್ರವೇ. ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತ ಇಬ್ಬರು ನಟರು.

ಇನ್ನು ಸವದತ್ತಿ ಗುಡ್ಡ. ಹುಣ್ಣಿಮೆಗೆ ನಮ್ಮ ಮನೆಯವರೂ ಹೋಗ್ತಾರೆ. ಗಂಡಾಗಿ ಹುಟ್ಟಿ ಸೀರೆ ಉಟ್ಟ ಜೋಗಪ್ಪಗಳ ಕಾಲಿಗೆ ಬೀಳ್ತಾರೆ. ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಜೋಗಪ್ಪಗಳ ಬದುಕು ಬೇರೆ, ಗಂಡಸನ್ನು ಪ್ರೀತಿಸುವ ಗಂಡಸಿನ ಬದುಕು ಬೇರೆ. ಎರಡನ್ನೂ ಕಲಸಿ ಒಂದೇ ಮಾಡುವ ತಪ್ಪು ನಾನು ಮಾಡೋದಿಲ್ಲ. ನಾನು ಹೇಳೋದಿಷ್ಟೇ, ಗಂಡು ಅಂದರೆ ಹೀಗೇ ಇರಬೇಕು ಅನ್ನೋ ಒಂದೇ ಅಚ್ಚು ನಮ್ಮ ಜಿಲ್ಲೆಯಲ್ಲಿ ಯಾವತ್ತೂ ಇರಲಿಲ್ಲ. ಗುಡ್ಡದ ಮೇಲೆ ಕಾಲಿಗೆ ಬಿದ್ದವರು ಕೆಳಗಿಳಿದು ಬಾಡಿಗೆಗೆ ಮನೆ ಕೇಳಿದರೆ ಕೊಡೋದಿಲ್ಲ, ಅದು ನಮ್ಮ ಇನ್ನೊಂದು ಸಂಸ್ಕೃತಿ.

ಹಾಗಾದರೆ ಹೊರಗಿನಿಂದ ಬಂದದ್ದು ಯಾವುದು? 377ನೇ ಕಲಮು! ಬ್ರಿಟಿಷರು 1860ರಲ್ಲಿ ಮಾಡಿದ ದಂಡ ಸಂಹಿತೆಯದ್ದು. ಅದೇ ಎಂಟನೇ ಹೆನ್ರಿಯ ಹಗ್ಗ, ಹಡಗು ಹತ್ತಿ ನಮ್ಮ ಕಡೆ ಬಂದದ್ದು. ನೇಣಿನ ಬದಲು ಜೈಲು, ಅಷ್ಟೇ ವ್ಯತ್ಯಾಸ. 2009ರಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಬಿಚ್ಚಿತು, 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕಟ್ಟಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿಗೆಯ ಸಂಬಂಧ ಅಪರಾಧ ಅಲ್ಲ ಅಂತು. ಅಂದರೆ 'ವಿದೇಶಿ ಹೊಲಸು' ಅಂತ ಬೈಯುವವರ ಕೈಯಲ್ಲಿರುವ ಕೋಲೇ ವಿದೇಶಿಯದ್ದು.

ಇನ್ನೊಂದು ತಮಾಷೆ ಹೇಳ್ತೀನಿ. ಸಮುದ್ರದ ಕಥೆಗೂ ನಮ್ಮ ಊರಿಗೂ ಏನು ಸಂಬಂಧ ಅಂದರಲ್ಲ. ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಎರಡು ಹೊಳೆ ಹುಟ್ಟುತ್ತವೆ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗ್ತಾಳೆ. ಮಹದಾಯಿ ಪಶ್ಚಿಮಕ್ಕಿಳಿದು ಗೋವಾದಲ್ಲಿ ಮಾಂಡೋವಿ ಆಗಿ ಅರಬ್ಬಿ ಸಮುದ್ರ ಸೇರ್ತಾಳೆ. ಆ ಮಾಂಡೋವಿಯ ದಂಡೆಯ ಹಳೇ ಗೋವಾದಲ್ಲಿ 1583ರಲ್ಲಿ ರಾಲ್ಫ್ ಫಿಚ್ ಅನ್ನೋ ಇಂಗ್ಲಿಷ್ ವ್ಯಾಪಾರಿಯನ್ನು ಪೋರ್ತುಗೀಸರು ಜೈಲಿಗೆ ಹಾಕಿದರು. ಆಗ ಪೋರ್ತುಗಲ್ಲೂ ಗೋವಾವೂ ಸ್ಪೇನಿನ ಎರಡನೇ ಫಿಲಿಪ್ಪನ ಕೈಯಲ್ಲಿದ್ದವು. 1588ರಲ್ಲಿ ಆ ನೌಕಾಪಡೆ ಕಳಿಸಿದವನೂ ಅವನೇ! ಜಾಮೀನಿನ ಮೇಲೆ ಹೊರಬಂದ ಫಿಚ್ 1584ರಲ್ಲಿ ಜೊತೆಗಾರರೊಂದಿಗೆ ಗೋವಾದಿಂದ ಓಡಿಹೋದ. ದಾರಿಯಲ್ಲಿ ಮೊದಮೊದಲು ಸಿಕ್ಕ ಊರುಗಳಲ್ಲಿ ಒಂದು ಬೆಳಗಾವಿ. ವಜ್ರ, ಕೆಂಪು, ನೀಲಗಳ ದೊಡ್ಡ ಪೇಟೆ ಅಂತ ಬರೆದಿಟ್ಟಿದ್ದಾನೆ. ಅಲ್ಲಿಂದ ಬಿಜಾಪುರಕ್ಕೆ ಹೋದ.

ನನ್ನ ಜಪಾನಿ ನಾಟಕದ ಕ್ಯಾಪ್ಟನ್ ಕಾಲದ ನಿಜವಾದ ಇಂಗ್ಲಿಷಿನವನು ನಮ್ಮ ಪೇಟೆಯಲ್ಲಿ ಓಡಾಡಿದ್ದ. ನಮ್ಮ ತಾಲೂಕಿನ ನೀರು ಫಿಲಿಪ್ಪನ ಹಡಗುಗಳ ಬುಡ ತೊಳೆದಿತ್ತು. ಇದು ಯಾರದೋ ಕಥೆ ಅಂತ ಹೇಗೆ ಹೇಳ್ತೀರಿ?

ನಾಲ್ಕನೇ ಮಾತು, ಡಾಕ್ಟರ್. ಇಲ್ಲಿ ಮಾತ್ರ ನನಗೆ ತಮಾಷೆ ಬರೋದಿಲ್ಲ. ಪ್ರೀತಿಯನ್ನು ರೋಗ ಅಂತ 'ಗುಣಪಡಿಸಲು' ಹೊರಡುವುದು ವೈದ್ಯರ ವೃತ್ತಿಗೇ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮದರಾಸು ಹೈಕೋರ್ಟಿನ ಆದೇಶದ ನಂತರ ಬಂದ ಮಾತು ಅದು. ಅಂದರೆ ಕಾಕಾ ಯಾವ ಡಾಕ್ಟರ್ ಕಡೆ ಒಯ್ಯಬೇಕು ಅಂದರೋ ಆ ಡಾಕ್ಟರ್ ಒಪ್ಪಿಕೊಂಡರೆ ತಪ್ಪು ಆ ಡಾಕ್ಟರದ್ದು. ಆದರೆ ಈ ಸುದ್ದಿ ಪಡಸಾಲೆಗಳಿಗೆ ಇನ್ನೂ ತಲುಪಿಲ್ಲ. ಪಡಸಾಲೆಯಲ್ಲಿ ಇನ್ನೂ ಕಾಕಾನ ಮಾತೇ ಕಾನೂನು.

ಆ ಪಡಸಾಲೆಯಲ್ಲಿ ಯಾರ್ಯಾರು ಕೂತಿದ್ದರು ಅನ್ನೋದನ್ನ ಕಾಕಾ ನೋಡಲಿಲ್ಲ.

ಅವತ್ತು ರಾತ್ರಿ ಹನ್ನೊಂದಕ್ಕೆ ಒಬ್ಬ ತಮ್ಮನಿಂದ ಮೆಸೇಜ್ ಬಂತು. ನನಗೆ ಕಾಕಾ, ಮಾಮಾ, ಅತ್ತಿ ಕಡೆಯ ತಮ್ಮಂದಿರು ಹತ್ತು ಹದಿನೈದು ಜನ ಇದ್ದಾರೆ. ಯಾರು ಅಂತ ಹುಡುಕಲು ಹೋಗಬೇಡಿ, ಅವತ್ತು ಪೂಜೆಗೆ ಬಂದಿದ್ದ ಒಬ್ಬ ಅಂತ ಇಟ್ಟುಕೊಳ್ಳಿ. ಮೆಸೇಜಿನಲ್ಲಿ ಒಂದೇ ಸಾಲು.

"ಅಕ್ಕಾ, ಆ ಕಥಿಯೊಳಗ ಮುಂದ ಏನಾತು? ಇಬ್ರೂ ಬದುಕಿದ್ರೇನು?"

ಅವನು ಯಾಕೆ ಕೇಳಿದ ಅಂತ ನಾನು ಊಹೆ ಮಾಡೋದಿಲ್ಲ, ಅವನನ್ನು ಕೇಳಲೂ ಇಲ್ಲ. ಹಡಗಿನ ಕಥೆ ಇಷ್ಟವಾಗಿರಬಹುದು, ಅಷ್ಟೇ. ಆದರೆ ಹಗಲು ಎಲ್ಲರ ಮುಂದೆ ಕೇಳದೆ ರಾತ್ರಿ ಹನ್ನೊಂದಕ್ಕೆ ಕೇಳಿದ ಅನ್ನೋದು ನನ್ನ ನಿದ್ದೆ ಕೆಡಿಸಿತು. ಒಂದು ಕಥೆ ಹೇಗೆ ಮುಗಿಯಿತು ಅಂತ ಕೇಳೋಕೂ ನಮ್ಮ ಮನೆಯಲ್ಲಿ ಹುಡುಗರು ದೀಪ ಆರುವವರೆಗೆ ಕಾಯಬೇಕಾ?

ಕನ್ನಡದಲ್ಲಿ ಇಂಥ ಕಥೆ ಇಲ್ಲ ಅಂತಲ್ಲ. ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲೇ ಬಂತು. ಗಂಡಸನ್ನು ಪ್ರೀತಿಸುವ ಗಂಡಸಿನ ಒಳಗನ್ನು, ಆ ಹೆದರಿಕೆಯನ್ನು, ನಮ್ಮ ಭಾಷೆಯಲ್ಲೇ ನಮ್ಮ ಊರುಗಳ ನಡುವೆಯೇ ಇಟ್ಟು ಬರೆದರು. ಜಪಾನಿನ ಹೆಂಗಸರು ಬಿಟ್ಟದ್ದು ಅದರಲ್ಲಿದೆ. ಆದರೆ ಪುಸ್ತಕ ಹಿಡಿದು ಕೂತರೆ ಹೊದಿಕೆ ಎಲ್ಲರಿಗೂ ಕಾಣುತ್ತೆ. ಕಿವಿಯಲ್ಲಿರುವುದು ಯಾರಿಗೂ ಕಾಣೋದಿಲ್ಲ (ಬ್ಲೂಟೂತ್ ಕೈ ಕೊಡುವವರೆಗೆ :) ). ಬೆಳಗಾವಿ ಬಸ್ಸಿನಲ್ಲಿ ನೂರು ಜನರ ನಡುವೆ ನಿಂತು ಒಬ್ಬ ಹುಡುಗ ತನ್ನಂಥವರ ಕಥೆ ಕೇಳಬಹುದು. ಅದಕ್ಕೇ ನಮ್ಮ ನಾಟಕ ಬರೆಯುವವರನ್ನು ಕೇಳ್ತೀನಿ, ನಮ್ಮ ಕಡೆಯ ಮಾತಿನಲ್ಲಿ ಇಂಥದ್ದೊಂದು ಕಿವಿಯ ನಾಟಕ ಯಾಕೆ ಮಾಡಬಾರದು? ಮಾಂಡೋವಿಯ ದೋಣಿಯಲ್ಲಿ ಇಬ್ಬರು. ಹಗ್ಗದ ಭಯವೂ ಇರಲಿ, ದಾಟಿದ ಖುಷಿಯೂ ಇರಲಿ. ರೋಗಿಯಾಗಿ ಬೇಡ, ಜೋಕಾಗಿ ಬೇಡ, ಕೊನೆಯಲ್ಲಿ ಸಾಯಲೇಬೇಕಾದವನಾಗಿ ಮೊದಲೇ ಬೇಡ.

ಅಲ್ಲಿಯವರೆಗೆ ನಾನು ಜಪಾನಿ ಕೇಳ್ತೀನಿ. ಕಾಕಾಗೂ ಒಂದು ಸಲ ಕೇಳಿಸ್ತೀನಿ, ಹಾಳೆ ಪಕ್ಕದಲ್ಲಿಟ್ಟು. ಬ್ರಜ್ ಬಾರದೆ ಅಳುವ ಮನುಷ್ಯ ಇದಕ್ಕೂ ಒಂದು ಹನಿ ಹಾಕಿದರೆ ಆಶ್ಚರ್ಯ ಇಲ್ಲ.

ತಮ್ಮನಿಗೆ ಆ ರಾತ್ರಿಯೇ ಉತ್ತರ ಕಳಿಸಿದೆ: "ಇಬ್ರೂ ಬದುಕಿದ್ರಪಾ. ದಂಡಿ ಮುಟ್ಟಿದ್ರು."

ಬೈಯುವವರು ಬೈಯಿರಿ. ಆದರೆ ಒಮ್ಮೆ ಕೇಳಿ, ಆಮೇಲೆ ಬೈಯಿರಿ.